ನೀಲಿ ನೀರಿನ ಸಿನಿಮಾ, ಗುಡ್ಡದ ಬಾವಿ

ಅಗ್ನಿಶಾಮಕ ಠಾಣೆಗೆ ಹೊಸದಾಗಿ ಸೇರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೆಂಕಿ ಆರಿಸುವ ನೌಕರಿ ಎಂದುಕೊಂಡು ಬಂದಿದ್ದರೆ ನಿಮಗೆ ಮೋಸವಾಗಿದೆ. ರೋಣ, ನರಗುಂದ, ಗಜೇಂದ್ರಗಡದ ಕಡೆ ಬೆಂಕಿ ಬೀಳುವುದು ಮೇವಿನ ಬಣವಿಗೆ, ಅದೂ ಬೇಸಿಗೆಯಲ್ಲಿ. ನಾವು ಮುಟ್ಟುವ ಹೊತ್ತಿಗೆ ಬಣವಿ ಬೂದಿಯಾಗಿ, ಊರವರು ನಮ್ಮನ್ನು ಬೈಯಲು ತಯಾರಾಗಿ ನಿಂತಿರುತ್ತಾರೆ. ಉಳಿದದ್ದೆಲ್ಲ ನೀರಿನ ಕೆಲಸ. ಬಾವಿ, ಕಾಲುವೆ, ಕೆರೆ, ಕೃಷಿಹೊಂಡ, ಮಲಪ್ರಭೆ. ನಾನು ಸೇರುವಾಗ ಇದನ್ನು ಯಾರೂ ಹೇಳಲಿಲ್ಲ. ಹೇಳಿದ್ದರೆ ಅಪ್ಪನ ಜೊತೆ ಹೊಲಕ್ಕೇ ಹೋಗುತ್ತಿದ್ದೆನೇನೋ.

ಕೆಲಸ ಕಲಿಸಿದವರು ದ್ಯಾಮಣ್ಣ. ಹುದ್ದೆಯಲ್ಲಿ ಲೀಡಿಂಗ್ ಫೈರ್‌ಮನ್, ನಮಗೆಲ್ಲ ಗುರು. ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ಸೇರಿದ ಹೊಸದರಲ್ಲಿ ನರಗುಂದದ ಕಡೆ ಮುಳುಗಿದವರೊಬ್ಬರನ್ನು ಹುಡುಕಲು ಒಂದು ಹೊಲದ ಬಾವಿಗೆ ನನ್ನನ್ನು ಇಳಿಸಿದರು. ನಡುವಿಗೆ ತಾವೇ ಹಗ್ಗ ಕಟ್ಟಿ, "ಕಣ್ಣ ಮುಚಗೊಂಡ ಮುಳುಗು" ಎಂದರು.

"ಕಣ್ಣ ಮುಚ್ಚಿದ್ರ ಹ್ಯಾಂಗ ಹುಡುಕೂದ್ರಿ?" ಎಂದೆ.

"ತೆರದ್ರ ಏನ ಕಾಣತೈತಿ? ತೆರದ್ರ ಅಂಜಿಕಿ ಬರತೈತಿ. ಮುಚ್ಚಿದ್ರ ಕೈಗೆ ಬುದ್ಧಿ ಬರತೈತಿ."

ಅವರು ಹೇಳಿದ್ದು ಖರೇ. ನಮ್ಮದು ಕರಿಮಣ್ಣಿನ ಎರೆ ಭೂಮಿ. ಬಾವಿಯ ನೀರು ಮೇಲೆ ಹಸಿರು, ಕೆಳಗೆ ಕಪ್ಪು. ಎರಡಾಳುದ್ದ ಇಳಿದರೆ ನಿಮ್ಮ ಕೈ ನಿಮಗೇ ಕಾಣುವುದಿಲ್ಲ. ತಳದ ರಾಡಿ ಮುಟ್ಟಿದ ಕೂಡಲೇ ಅದು ಎದ್ದು ಮೈತುಂಬ ಸುತ್ತಿಕೊಳ್ಳುತ್ತದೆ. ಅಂಥದರಲ್ಲಿ ಬೆರಳುಗಳಿಂದ ಹುಡುಕಬೇಕು. ಮೊದಲು ಸಿಗುವುದು ಬಹಳ ಸಲ ಕೂದಲು ಅಥವಾ ಸೀರೆಯ ಅಂಚು. ಸಿಕ್ಕ ಕ್ಷಣ ಎದೆ ಧಸಕ್ ಎನ್ನುತ್ತದೆ. ವರ್ಷ ಎಷ್ಟು ಕಳೆದರೂ ಅದು ನಿಲ್ಲಲಿಲ್ಲ. ರೂಢಿಯಾಗುತ್ತದೆ ಎನ್ನುವವರ ಮಾತು ನಂಬಬೇಡಿ.

ಆಗ ನಮ್ಮ ಮುಖ್ಯ ಸಾಮಾನು ಪಾತಾಳಗರಡಿ. ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಗಳ ಗೊಂಚಲು. ಊರಿಗೊಂದು ಮನೆಯಲ್ಲಿ ಇರುತ್ತಿತ್ತು. ಒಯ್ಯುವವರು ಆ ಮನೆಯಲ್ಲಿ ಒಂದು ತಂಬಿಗೆಯನ್ನೋ ಚರಿಗೆಯನ್ನೋ ಒತ್ತೆ ಇಟ್ಟು ಒಯ್ಯಬೇಕು, ಇಲ್ಲದಿದ್ದರೆ ಗರಡಿ ತಿರುಗಿ ಬರುವುದಿಲ್ಲ. ಠಾಣೆಯ ಗರಡಿ ಮುರಿದಿದ್ದ ಒಂದು ದಿನ, ಒಂದು ಊರಿನ ಮುದುಕಿ ಸರಕಾರದ ಮಂದಿಗೂ ರಿಯಾಯಿತಿ ಕೊಡಲಿಲ್ಲ. ದ್ಯಾಮಣ್ಣ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಒತ್ತೆ ಇಟ್ಟರು.

ಇಟಗಿ ಹಾದಿಯಲ್ಲಿದ್ದ ಆ ಊರಲ್ಲೇ ನಮ್ಮ ದೊಡ್ಡ ಫಜೀತಿ ಆದದ್ದು. ಹೆಂಡತಿಯ ಜೊತೆ ಜಗಳಾಡಿ ಮನೆ ಬಿಟ್ಟ ಒಬ್ಬನ ಚಪ್ಪಲಿ ಬಾವಿ ದಂಡೆಯಲ್ಲಿ ಸಿಕ್ಕಿದ್ದವು. ಗರಡಿ ಬಿಟ್ಟೆವು. ಭಾರವಾದದ್ದು ಏನೋ ಸಿಕ್ಕಿತು. ಹಗ್ಗ ಬಿಗಿಯಾದದ್ದನ್ನು ಕಂಡ ಕೂಡಲೇ ಹೆಂಗಸರು ಬಾಯಿ ಬಡಿದುಕೊಂಡು ಅಳತೊಡಗಿದರು. ನಾಲ್ಕು ಜನ ಜಗ್ಗಿ ಮೇಲೆ ತಂದರೆ ತುಕ್ಕು ಹಿಡಿದ ಪಂಪು. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಯಾರ ಹೋದ್ರೋ?" ಎಂದು ಕೇಳಿದರು. ನೋಡಿದರೆ ಅದೇ ಮನುಷ್ಯ! ಸಿಟ್ಟಿನಲ್ಲಿ ಇಟಗಿಗೆ ಬರಿಗಾಲಲ್ಲಿ ನಡೆದು ಹೋಗಿ, ಅಲ್ಲಿಯ ಗುಡಿಯಲ್ಲಿ ದರ್ಶನ ಮಾಡಿ, ಪ್ರಸಾದ ಉಂಡು ಬಂದಿದ್ದ. ಹೆಂಡತಿ ಅಳುವುದನ್ನು ನಿಲ್ಲಿಸಿ ಅದೇ ಚಪ್ಪಲಿ ಎತ್ತಿಕೊಂಡಳು. ನೀರಿನ ಕೆಲಸಕ್ಕೆ ಹೋಗಿ ನಕ್ಕು ತಿರುಗಿ ಬಂದದ್ದು ಅದೊಂದೇ ಸಲ.

ಇನ್ನು ಸಿನಿಮಾದ ವಿಷಯ. ಇದನ್ನು ಬರೆಯಲು ನನಗೆ ನಾಚಿಕೆ ಇದೆ, ಆದರೂ ಬರೆಯುತ್ತೇನೆ.

ಠಾಣೆಯ ಟಿವಿಯಲ್ಲಿ ರವಿವಾರ ಮಧ್ಯಾಹ್ನ ಒಂದು ಸಿನಿಮಾ ಬರುತ್ತಿತ್ತು. ಪರದೇಶದ್ದು, ಮೊದಲು ಹಿಂದಿ ಮಾತಿನಲ್ಲಿ, ಆಮೇಲೆ ಕನ್ನಡದ ಮಾತಿನಲ್ಲಿ. ಕತೆ ಏನಿಲ್ಲ. ಮುಳುಗಿದ ಒಂದು ಹಡಗು, ಅದರಲ್ಲಿ ಬಂಗಾರದ ಪೆಟ್ಟಿಗೆ, ಅದನ್ನು ಹುಡುಕುವ ನಾಲ್ವರು ಚೆಂದದ ಮಂದಿ, ಬೆನ್ನು ಹತ್ತಿದ ಕಳ್ಳರು, ಕಳ್ಳರ ಬೆನ್ನು ಹತ್ತಿದ ಒಂದು ಶಾರ್ಕ್ ಮೀನು. ನಾಯಕ ಒಮ್ಮೆ ಗಾಳಿಯ ಪೈಪು ಬಾಯಿಗೆ ಹಾಕಿಕೊಂಡು ಇಳಿಯುತ್ತಾನೆ, ಇನ್ನೊಮ್ಮೆ ಒಂದೇ ಉಸಿರಿನಲ್ಲಿ ಮುಳುಗಿ, ಇಬ್ಬರನ್ನು ಹೊಡೆದು, ನಾಯಕಿಗೆ ಕಣ್ಣು ಹೊಡೆದು, ಪೆಟ್ಟಿಗೆಯ ಕೀಲಿ ಮುರಿದು ಮೇಲೆ ಬರುತ್ತಾನೆ. ಬಂದ ಮೇಲೆ ಏದುಸಿರು ಸಹ ಬಿಡುವುದಿಲ್ಲ. ನೀರಲ್ಲಿ ಎರಡು ನಿಮಿಷ ಇದ್ದು ಬಂದವನ ಮೂಗಿನಿಂದ ಏನೇನು ಸುರಿಯುತ್ತದೆ ಎಂದು ಆ ಸಿನಿಮಾ ಮಾಡಿದವರಿಗೆ ಗೊತ್ತಿಲ್ಲ. ಬುದ್ಧಿ ಇದ್ದವರು ನೋಡುವ ಸಿನಿಮಾ ಅಲ್ಲ ಅದು. ಬಂದಾಗಲೆಲ್ಲ ನಾನು ನೋಡಿದ್ದೇನೆ.

"ಹಗಲೆಲ್ಲ ನೀರಾಗ ಇದ್ದ ಬರ್ತೀರಿ, ಬಂದ ಮ್ಯಾಲೂ ನೀರ ನೋಡ್ತೀರಲ್ರಿ, ನಿಮಗ ಹೇಸಿಕಿ ಬರೂದಿಲ್ಲೇನ್ರಿ?" ಎಂದು ಮನೆಯ ಟಿವಿಯಲ್ಲೂ ಅದನ್ನೇ ಹಚ್ಚಿದಾಗ ಹೆಂಡತಿ ಗಂಗವ್ವ ಕೇಳುತ್ತಿದ್ದಳು. ಒಬ್ಬ ಠಾಣಾಧಿಕಾರಿ ಇದ್ದರು, ಪುಸ್ತಕ ಓದುವವರು, ಶಿಸ್ತಿನವರು. "ಇದೆಂಥಾ ಹುಚ್ಚ ಪಿಚ್ಚರ್ ನೋಡಾಕತ್ತೀರೋ, ಬಂದ್ ಮಾಡ್ರಿ" ಎಂದು ಗದರಿಸಲು ಬಾಗಿಲಿಗೆ ಬಂದರು. ಬಾಗಿಲಲ್ಲೇ ನಿಂತು ಮುಗಿಯುವ ತನಕ ನೋಡಿದರು. ಮುಗಿದ ಮೇಲೆ, "ಮುಂದಿನ ವಾರಾ ಬಂದ್ ಮಾಡ್ರಿ" ಎಂದು ಹೋದರು.

ನಾನು ನೋಡುತ್ತಿದ್ದದ್ದು ಬಂಗಾರಕ್ಕಲ್ಲ, ನಾಯಕಿಗೂ ಅಲ್ಲ. ಆ ನೀರು ನೀಲಿ ಇತ್ತು. ಅದರಲ್ಲಿ ಕಣ್ಣು ಕಾಣುತ್ತಿತ್ತು. ತಳದ ಉಸುಕಿನ ಮೇಲೆ ಬಿಸಿಲು ಆಡುತ್ತಿತ್ತು. ಒಳಗೆ ಹೋದವರು ನಗುತ್ತ ಮೇಲೆ ಬರುತ್ತಿದ್ದರು, ದಂಡೆಯಲ್ಲಿದ್ದವರು ಚಪ್ಪಾಳೆ ಹೊಡೆಯುತ್ತಿದ್ದರು. ನಾನು ನೀರಿನಿಂದ ಮೇಲೆ ತಂದದ್ದನ್ನು ನೋಡಿ ಯಾರೂ ಒಂದು ದಿನ ನಕ್ಕಿಲ್ಲ. ನಾನು ಮೇಲೆ ಬರುವುದನ್ನು ಎಲ್ಲರೂ ಕಾಯುತ್ತಾರೆ, ಬಂದ ಕೂಡಲೇ ಎಲ್ಲರೂ ಅಳುತ್ತಾರೆ. ರವಿವಾರದ ಆ ಎರಡು ತಾಸು ನನಗೆ ಅದರಿಂದ ಬಿಡುವು ಸಿಗುತ್ತಿತ್ತು.

ಹೊಳೆಯ ಕೆಲಸ ಬೇರೆ. ಮಲಪ್ರಭೆಗೆ ನೆರೆ ಬಂತೆಂದರೆ ಕೊಣ್ಣೂರಿನ ಸೇತುವೆ ಮುಳುಗುವುದನ್ನು ನೋಡಲು ಜಾತ್ರೆಯಂತೆ ಮಂದಿ ಸೇರುತ್ತಾರೆ. ಅವರನ್ನು ಹಿಂದೆ ಸರಿಸುವುದೇ ನಮಗೆ ಅರ್ಧ ಕೆಲಸ. ಮೆಣಸಗಿಯಲ್ಲಿ ರಬ್ಬರ್ ಬೋಟು ಒಯ್ದು ಒಂದು ಮನೆಯ ಮಾಳಿಗೆಗೆ ತಾಗಿಸಿ ನಿಲ್ಲಿಸಿದಾಗ ಒಬ್ಬ ಅಜ್ಜಿ ಮೊದಲು ಕೋಳಿ ಬುಟ್ಟಿ ಕೊಟ್ಟಳು, ಆಮೇಲೆ ಆಡಿನ ಮರಿ ಕೊಟ್ಟಳು, "ಅಜ್ಜಿ, ನೀ ಬಾರಬೇ" ಎಂದರೆ, "ತಡಿಯೋ ತಮ್ಮಾ, ರೊಟ್ಟಿ ಬುಟ್ಟಿ ಒಳಗ ಐತಿ" ಎಂದು ಎದೆಮಟ ನೀರಿದ್ದ ಮನೆಗೆ ಇಳಿಯಲು ಹೊರಟಳು. ಹಿಡಿದು ಕೂಡಿಸಿದೆವು. ದಂಡೆಗೆ ಬಂದ ಮೇಲೂ ರೊಟ್ಟಿಗಾಗಿ ನಮ್ಮನ್ನು ಬೈದಳು. ಆ ಬೈಗುಳ ನನಗೆ ಬಹಳ ಹಿತವಾಗಿತ್ತು, ಜೀವ ಇದ್ದವರು ಬೈದ ಬೈಗುಳ.

ಕಾಲ ಬದಲಾಯಿತು. ಗರಡಿಯ ಜಾಗಕ್ಕೆ ಮುಖವಾಡ, ಉಸಿರಿನ ಸಿಲಿಂಡರು, ನೀರಿನೊಳಗಿನ ದೀಪ ಬಂದವು. ತರಬೇತಿಗೆ ಈಜುಕೊಳಕ್ಕೆ ಕಳಿಸಿದರು. ಆ ಕೊಳದ ನೀರು ನನ್ನ ಸಿನಿಮಾದಂತೆಯೇ ನೀಲಿ ಇತ್ತು, ನಾನು ಒಂದಿಷ್ಟು ಹೊತ್ತು ತಳದಲ್ಲಿ ಸುಮ್ಮನೆ ಕೂತುಬಿಟ್ಟೆ. ನಮ್ಮ ಬಾವಿಗಳಲ್ಲಿ ಮಾತ್ರ ದೀಪ ಹಚ್ಚಿದರೆ ಕಾಣುವುದು ರಾಡಿಯೊಂದೇ. ಸಾಮಾನು ಹೊಸದಾದರೂ ಹುಡುಕುವ ಕೆಲಸ ಬೆರಳಿಗೇ ಉಳಿಯಿತು. ದ್ಯಾಮಣ್ಣ ಅಷ್ಟರಲ್ಲಿ ನಿವೃತ್ತರಾಗಿದ್ದರು.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಗುಡ್ಡದ ಬಾವಿಯ ವಿಷಯ ಹೇಳದಿದ್ದರೆ ನನ್ನ ನೌಕರಿಯನ್ನು ಹೇಳಿದಂತೆ ಆಗುವುದಿಲ್ಲ.

ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮೊದಲು, ಒಂದು ದಿನ ಮುಂಜಾನೆ ಗಜೇಂದ್ರಗಡದ ಕಡೆಯಿಂದ ಫೋನ್ ಬಂತು. ಗುಡ್ಡದ ಬುಡದಲ್ಲಿ ಕಲ್ಲಿನ ಮೆಟ್ಟಿಲು ಇರುವ ಹಳೆಯ ಬಾವಿ. ಒಬ್ಬ ಮುಳುಗಿದ್ದಾನೆ, ಬೇಗ ಬನ್ನಿ ಎಂದರು. ಹೋದೆವು. ದೂರದಿಂದಲೇ ಡಬಡಬ ಸದ್ದು ಕೇಳಿತು. ಬಾವಿಯ ಮೇಲಿನ ಮೆಟ್ಟಿಲಲ್ಲಿ ಒಂದು ಹವಾ ಮಷಿನ್ ಓಡುತ್ತಿತ್ತು. ಗಾಡಿಗಳ ಗಾಲಿಗೆ ಗಾಳಿ ತುಂಬುತ್ತಾರಲ್ಲ, ಅದು. ಅದರಿಂದ ಹೊರಟ ರಬ್ಬರ್ ಪೈಪು ನೀರೊಳಗೆ ಹೋಗಿತ್ತು. ಪಕ್ಕದಲ್ಲಿ ಒಬ್ಬ ಮನುಷ್ಯ ಮಷಿನನ್ನು ತಬ್ಬಿಕೊಂಡಂತೆ ಕೂತಿದ್ದ. ಯಾರಾದರೂ ಅದನ್ನು ಬಂದ್ ಮಾಡಲು ಕೈ ಚಾಚಿದರೆ ಆ ಕೈ ಕಿತ್ತು ಒಗೆಯುತ್ತಿದ್ದ.

"ಮುಟ್ಟಬ್ಯಾಡ್ರಿ! ಒಳಗ ಅಂವಗ ಹವಾ ಹೊಂಟೈತಿ!"

ಅವನು ಮೌಲಾಸಾಬ. ಪಂಕ್ಚರ್ ಅಂಗಡಿಯವನು. ಒಳಗಿದ್ದವನು ಪರಸಪ್ಪ, ಕೈಮಗ್ಗದಲ್ಲಿ ಸೀರೆ ನೇಯುವವನು. ಇಬ್ಬರೂ ಒಂದೇ ಸಾಲಿಯಲ್ಲಿ ಓದಿದವರು, ಒಂದೇ ಓಣಿಯಲ್ಲಿ ಬೆಳೆದವರು. ಫೋನ್ ಮಾಡಿದ್ದೂ ಮೌಲಾಸಾಬನೇ. ಅವನಿಗೆ ಈಜು ಬರುತ್ತಿರಲಿಲ್ಲ.

ಹಗ್ಗ ಕಟ್ಟಿಕೊಳ್ಳುತ್ತ ಏನಾಯಿತು ಎಂದು ಕೇಳಿದೆ. ಪರಸಪ್ಪ ಈಜಲು ಹೋದಾಗ ಮೆಟ್ಟಿಲುಗಳ ಕೆಳಗೆ, ನೀರಿನೊಳಗಿನ ಕಲ್ಲುಕಂಬಗಳ ಪಡಸಾಲೆಯಲ್ಲಿ ಏನೋ ಮಿಂಚಿದ್ದನ್ನು ನೋಡಿದ್ದನಂತೆ. ಹಳೆಯ ಬಾವಿ ಎಂದರೆ ನಮ್ಮ ಮಂದಿಗೆ ನಿಧಿ ಎಂದೇ ಲೆಕ್ಕ. ಇಬ್ಬರೂ ಸೇರಿ ಮಷಿನ್ ತಂದಿದ್ದರು. ಪೈಪಿನ ತುದಿಯನ್ನು ಪರಸಪ್ಪ ಹಲ್ಲಿನಲ್ಲಿ ಕಚ್ಚಿಕೊಂಡು, ನಡುವಿಗೆ ಹಗ್ಗ, ಕಲ್ಲು ಕಟ್ಟಿಕೊಂಡು ಇಳಿದಿದ್ದ.

"ಈ ಪೈಪಿನ ಬುದ್ಧಿ ಯಾರ ಕೊಟ್ರೋ ನಿಮಗ?"

"ಪಿಚ್ಚರ್‌ನ್ಯಾಗ ಹೋಗ್ತಾರಲ್ರಿ ಸಾಹೇಬ್ರ. ಹಡಗದಾಗ ಬಂಗಾರದ ಪೆಟಗಿ ಇರತೈತಿ ನೋಡ್ರಿ, ಶಾರ್ಕ್ ಮೀನಾ ಬರತೈತಿ... ರವಿವಾರ ಬರತೈತ್ರಿ. ನಾನೂ ಪರಸ್ಯಾನೂ ಕೂಡೇ ನೋಡತೀವ್ರಿ."

ನನ್ನ ಕೈ ಗಂಟಿನ ಮೇಲೇ ನಿಂತಿತು. ಯಾವ ಸಿನಿಮಾ ಎಂದು ಕೇಳುವ ಅಗತ್ಯ ಇರಲಿಲ್ಲ. ಹಿಂದಿನ ರವಿವಾರ ಅವರು ಅಲ್ಲಿ ನಗುತ್ತ ನೋಡಿದ್ದನ್ನೇ ನಾನು ಇಲ್ಲಿ ನಗುತ್ತ ನೋಡಿದ್ದೆ. ಆಮೇಲೂ ನಾನು ಅದನ್ನು ನೋಡಿದ್ದೇನೆಯೇ ಎಂದು ನೀವು ಕೇಳುತ್ತೀರಿ. ನೋಡಿದ್ದೇನೆ. ನಾಯಕ ಬಾಯಿಗೆ ಪೈಪು ಹಾಕಿಕೊಳ್ಳುವಾಗ ಎದ್ದು ಹೊರಗೆ ಹೋಗುತ್ತೇನೆ, ಸ್ವಲ್ಪ ಹೊತ್ತು ಬಿಟ್ಟು ಒಳಗೆ ಬರುತ್ತೇನೆ. ಪೂರ್ತಿ ಬಿಡಲು ನನ್ನಿಂದ ಆಗಿಲ್ಲ.

ಅಷ್ಟರಲ್ಲಿ ಮಂದಿ ಸೇರಿದ್ದರು. ಪರಸಪ್ಪನ ತಮ್ಮ ಹನಮಂತ ಬಂದವನೇ ಮೌಲಾಸಾಬನ ಅಂಗಿ ಹಿಡಿದ.

"ಬಂಗಾರ ಮ್ಯಾಲ ಬಂದ ಕೂಡ್ಲೇ ಹವಾ ಬಂದ್ ಮಾಡಿ ನಮ್ಮಣ್ಣನ್ನ ಕೊಂದಿ! ಎಲ್ಲಿ ಇಟ್ಟಿ, ಹೇಳು!"

ಮಷಿನ್ ಹೇರಿಕೊಂಡು ಬಂದಿದ್ದ ಮೌಲಾಸಾಬನ ಮೂರು ಗಾಲಿಯ ಟಂಟಂ ಗಾಡಿಯೊಳಗೆ ಹುಡುಕಿದರು, ಸೀಟು ಹರಿದರು. ಹಗ್ಗ ನೀನೇ ಕಟ್ಟಿದ್ದೆಯಲ್ಲ, ಜಗ್ಗಲಿಲ್ಲ ಯಾಕೆ ಎಂದರು. "ಜಗ್ಗೀನ್ರಿ, ಬರವಲ್ತು, ಎಲ್ಲೋ ಸಿಕ್ಕೈತಿ" ಎಂದು ಅವನು ಹೇಳಿದ್ದನ್ನು ಯಾರೂ ಕೇಳಲಿಲ್ಲ. ಮೊದಲು ಅವನ ಹೆಸರು ಹಿಡಿದು ಬೈಯುತ್ತಿದ್ದವರು ಸ್ವಲ್ಪ ಹೊತ್ತಿಗೆ ಅವನ ಮಂದಿಯನ್ನೆಲ್ಲ ಹಿಡಿದು ಬೈಯತೊಡಗಿದರು. ಪಿಎಸ್ಐ ಬಂದು ನಡುವೆ ನಿಂತರು. ಆ ದಿನ ಸಂಜೆಯೊಳಗೆ ಊರಲ್ಲಿ ಏನು ಬೇಕಾದರೂ ಆಗಬಹುದು ಎನಿಸಿ ನನಗೆ ನೀರಿಗಿಂತ ದಂಡೆಯ ಅಂಜಿಕೆ ಹತ್ತಿತು. ನೀರೊಳಗೆ ಏನಾಗಿದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಿಳಿದುಕೊಂಡು ಬರಬೇಕಾದವನು ನಾನು.

ಮುಳುಗಿದೆ. ಮೌಲಾಸಾಬನ ಹಗ್ಗವನ್ನೇ ಹಿಡಿದು ಇಳಿದೆ. ಅದು ಮೆಟ್ಟಿಲುಗಳನ್ನು ದಾಟಿ ಪಡಸಾಲೆಯ ಬಾಯಿಗೆ ಹೋಗಿ ಒಂದು ಕಲ್ಲಿನ ಕಂಬದ ಹತ್ತಿರ ನಿಂತಿತು. ಬೆರಳಾಡಿಸಿದೆ. ಹಗ್ಗ ಸಿಕ್ಕಿಕೊಂಡಿರಲಿಲ್ಲ. ಯಾರೋ ಅದನ್ನು ಕಂಬಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಹಗ್ಗಕ್ಕೇ ಸೇರಿಸಿ ಗಂಟು ಹಾಕಿದ್ದರು. ಗಂಟು ಸಣ್ಣದು, ಚಪ್ಪಟೆ, ಅಚ್ಚುಕಟ್ಟು. ನಾವು ಹಾಕುವ ಗಂಟಲ್ಲ, ಗಾಡಿಯವರು ಹಾಕುವ ಗಂಟೂ ಅಲ್ಲ.

ಮೇಲಿನಿಂದ ಬಂದ ಪೈಪು ಆ ಕಂಬದ ಹತ್ತಿರವೇ ಪಡಸಾಲೆಯೊಳಗೆ ತಿರುಗಿತ್ತು. ಅದನ್ನು ಸವರುತ್ತ ಹೋದೆ. ಕಲ್ಲಿನ ಮೂಲೆಗೆ ಸಿಕ್ಕು ಅದು ಮಡಚಿಕೊಂಡು, ಕೊರಳು ಹಿಸುಕಿದಂತೆ ಚಪ್ಪಟೆಯಾಗಿತ್ತು. ಅದರ ಆಚೆ, ಕೈ ಅಳತೆಯಲ್ಲಿ, ಪರಸಪ್ಪ ಇದ್ದ. ಪೈಪಿನ ತುದಿ ಇನ್ನೂ ಹಲ್ಲಿನಲ್ಲೇ ಇತ್ತು. ಒಂದು ಕೈ ರಾಡಿಯಲ್ಲಿ ಹೂತಿತ್ತು.

ಅವನ ಹಗ್ಗದ ಉದ್ದ ಸಾಲಿರಲಿಲ್ಲ. ಇನ್ನೊಂದು ಸ್ವಲ್ಪ ಮುಂದೆ ಹೋಗಿ ನೋಡೋಣ ಎಂದು ಅವನೇ ಅದನ್ನು ನಡುವಿನಿಂದ ಬಿಚ್ಚಿ, ಬರುವಾಗ ಸಿಗಲಿ ಎಂದು ಕಂಬಕ್ಕೆ ಕಟ್ಟಿ, ಒಳಗೆ ಹೋಗಿದ್ದ. ಒಳಗೆ ಹೋದದ್ದಕ್ಕೇ ಪೈಪು ಮೂಲೆಗೆ ಸಿಕ್ಕು ಮಡಚಿತು. ಮೇಲೆ ಮಷಿನ್ ಡಬಡಬ ಓಡುತ್ತಲೇ ಇತ್ತು. ಆ ಕತ್ತಲಲ್ಲಿ ನನಗೆ ಇದೆಲ್ಲ ತಿಳಿಯಿತು. ಬರಿಯ ಬಾಯಿಮಾತಿನಲ್ಲಿ ಹೇಳಿದರೆ ದಂಡೆಯ ಮೇಲಿನ ಮಂದಿ ನಂಬುವುದಿಲ್ಲ ಎಂಬುದೂ ಗೊತ್ತಿತ್ತು. ಚಾಕು ತೆಗೆದು ಗಂಟಿನ ಎರಡೂ ಕಡೆ ಹಗ್ಗ ಕೊಯ್ದು, ಗಂಟು ಬಿಚ್ಚದಂತೆ ಅಂಗಿಯೊಳಗೆ ಹಾಕಿಕೊಂಡೆ. ಆಮೇಲೆ ಪರಸಪ್ಪನನ್ನು ಮೇಲೆ ತಂದೆ.

ಅಲ್ಲಿ ಒಳಗೆ ಏನಿತ್ತು ಎಂದು ಜನ ಇವತ್ತಿಗೂ ಕೇಳುತ್ತಾರೆ. ರಾಡಿ ಇತ್ತು. ಅವನ ಮುಷ್ಟಿ ಬಿಡಿಸಿದಾಗ ಅದರಲ್ಲೂ ರಾಡಿಯೇ ಇತ್ತು.

ಹೆಣ ಮೆಟ್ಟಿಲ ಮೇಲೆ ಮಲಗಿಸಿದ ಮೇಲೆ ಪಿಎಸ್ಐ ಮಷಿನ್ ಬಂದ್ ಮಾಡಿದರು. ಮೌಲಾಸಾಬ ಈ ಸಲ ತಡೆಯಲಿಲ್ಲ. ಸದ್ದು ನಿಂತ ಕೂಡಲೇ ಬಾವಿಯಲ್ಲಿ ಎಲ್ಲರ ಉಸಿರೂ ಕೇಳುವಂತಾಯಿತು. ಪರಸಪ್ಪನ ಹೆಂಡತಿ ನೀಲವ್ವ ಗಂಡನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಸೆರಗಿನಿಂದ ಅವನ ಕಿವಿಯೊಳಗಿನ ರಾಡಿ ತೆಗೆಯುತ್ತಿದ್ದಳು.

ನಾನು ಗಂಟನ್ನು ಪಿಎಸ್ಐ ಕೈಗೆ ಕೊಟ್ಟು ಕೆಳಗೆ ಕಂಡದ್ದನ್ನು ಹೇಳಿದೆ. ಹನಮಂತ ಚೀರಿದ.

"ಸುಳ್ಳ! ಇದನ್ನ ಈ ಮೌಲಾ ಮ್ಯಾಲನ ಕಟ್ಟಿದ್ದ. ಇವರೆಲ್ಲ ಕೂಡಿ ಅವನ್ನ ಉಳಸಾಕತ್ತಾರ!"

ನೂರು ಕಣ್ಣು ನನ್ನ ಕಡೆ ತಿರುಗಿದವು. ನನ್ನ ನೌಕರಿಯಲ್ಲಿ ಯಾವ ಹೆಣಕ್ಕೂ ನಾನು ಅಷ್ಟು ಅಂಜಿರಲಿಲ್ಲ, ಆ ಕಣ್ಣುಗಳಿಗೆ ಅಂಜಿದೆ. ಪಿಎಸ್ಐ ಗಂಟನ್ನು ತಿರುಗಿಸಿ ನೋಡಿದರು, ಅದರಲ್ಲಿ ಅವರಿಗೇನೂ ತಿಳಿಯಲಿಲ್ಲ. ನನಗೂ ಅದು ಯಾರ ಗಂಟು ಎಂದು ಖಾತ್ರಿಯಾಗಿ ಹೇಳಲು ಬರುತ್ತಿರಲಿಲ್ಲ.

"ಇಲ್ಲಿ ಕೊಡ್ರಿ" ಎಂದಳು ನೀಲವ್ವ.

"ವೈನಿ, ನೀ ಸುಮ್ನಿರು. ಏನೂ ಹೇಳಬ್ಯಾಡ" ಎಂದ ಹನಮಂತ.

ಅವಳು ಕೈ ಚಾಚಿಯೇ ಇದ್ದಳು. ಪಿಎಸ್ಐ ಕೊಟ್ಟರು. ಹೆಬ್ಬೆರಳಿನ ಉಗುರಿನಿಂದ ಗಂಟಿನ ಹೊಟ್ಟೆಯನ್ನು ಒಂದು ಸಲ ಒತ್ತಿದಳು, ತುದಿ ಯಾವ ಕಡೆ ಬಿಟ್ಟಿದೆ ಎಂದು ಸವರಿದಳು. ಅವಳಿಗೆ ಎಲ್ಲ ತಿಳಿದಿತ್ತು. ಗಂಟು ಗಂಡನದೇ ಎಂದರೆ, ಅವನು ತಾನೇ ಹಗ್ಗ ಬಿಚ್ಚಿ ಬಂಗಾರದ ಬೆನ್ನು ಹತ್ತಿ ಸತ್ತ ಎಂದು ಊರು ಆಡಿಕೊಳ್ಳುತ್ತದೆ. ಗೊತ್ತಿಲ್ಲ ಎಂದರೆ ಸಾಕು, ಯಾರೂ ಅವಳನ್ನು ಏನೂ ಕೇಳುವುದಿಲ್ಲ.

"ಮಗ್ಗದಾಗ ಎಳಿ ಹರಿದಾಗ ಹಾಕೂ ಗಂಟರಿ ಇದು" ಎಂದಳು. "ನಮ್ಮ ಓಣ್ಯಾಗ ಎಲ್ಲಾರೂ ಹಾಕತಾರ. ಆದ್ರ ಎಲ್ಲಾರದೂ ತುದಿ ಬಲಕ್ಕ ಬೀಳತೈತಿ. ನಮ್ಮವರದೊಂದ ಎಡಕ್ಕ. ಅವರದು ಎಡಗೈರಿ. ಅವರು ಎದ್ದ ಹೋದ ಮಗ್ಗಕ್ಕ ನಾ ಕುಂತಾಗೆಲ್ಲ ಈ ಗಂಟ ನನ್ನ ಕೈಗೆ ಹತ್ತತೈತ್ರಿ."

"ಖಾತ್ರಿ ಐತೇನವಾ?" ಎಂದರು ಪಿಎಸ್ಐ.

"ಹೌದ್ರಿ. ಅವರ ಬಿಚ್ಯಾರ, ಅವರ ಕಟ್ಯಾರ. ದುಡ್ಡಿಗಂತ ಹೋಗಿಲ್ರಿ ಅವರು. ಏನೈತಿ ನೋಡೂಣಂತ ಹೋಗ್ಯಾರ. ಸಣ್ಣ ಹುಡುಗರಂಗ." ಗಂಡನ ಮುಖ ನೋಡಿದಳು, ಆಮೇಲೆ ಹನಮಂತನನ್ನು. "ಮೌಲಾನ್ನ ಬಿಡೋ ಹನಮಂತ. ಮನಿಗೆ ಹೋಗಲಿ ಅಂವ. ಅಲ್ಲೂ ಒಬ್ಬಾಕಿ ಸುದ್ದಿ ಕೇಳಿ ಎದಿ ಹಿಡಕೊಂಡ ಕುಂತಿರತಾಳ."

ಹನಮಂತನ ಕೈ ಸಡಿಲಾಯಿತು. ಅವನು ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರಿಸಿ ಗೋಳೋ ಎಂದು ಅತ್ತ. ಮಂದಿ ಒಬ್ಬೊಬ್ಬರಾಗಿ ಮೇಲೆ ಸರಿಯತೊಡಗಿದರು. ನಾವು ಪರಸಪ್ಪನನ್ನು ಸ್ಟ್ರೆಚರ್ ಮೇಲೆ ಇಟ್ಟೆವು. ಮೆಟ್ಟಿಲು ಕಡಿದಾಗಿದ್ದವು, ಎತ್ತಲು ನಾವು ಮೂವರೇ ಇದ್ದೆವು.

ಮೌಲಾಸಾಬ ಮನೆಗೆ ಹೋಗಲಿಲ್ಲ. ಎದ್ದು ಬಂದು ನಾಲ್ಕನೆಯ ಮೂಲೆ ಹಿಡಿದ. ಹನಮಂತ ತಲೆ ಎತ್ತಿ ನೋಡಿದ, ಬೇಡ ಎನ್ನಲಿಲ್ಲ.